ಬಾಣಂತಿಯ ತಲೆಯ ಮೇಲಿದ್ದ ದಿನ

ಆ ಮರದ ಹಲಗೆಯ ಕಾಲುಸೇತುವೆಯ ಮೇಲೆ ಮೂಗು ಮುಚ್ಚಿಕೊಳ್ಳದೆ ನಿಂತಿದ್ದವಳು ಸುಗಂಧಿ ಒಬ್ಬಳೇ. ಸೀಲ್ ಎಂಬ ಕಡಲನಾಯಿಗಳನ್ನು ನೋಡಲು ದೂರದೂರದಿಂದ ಬಂದ ಪ್ರವಾಸಿಗಳೆಲ್ಲ ಬಸ್ಸಿನಿಂದ ಇಳಿದ ಕೂಡಲೇ ಕರವಸ್ತ್ರ ಹುಡುಕುತ್ತಿದ್ದರು. ಇಪ್ಪತ್ತು ಸಾವಿರ ಸೀಲ್‌ಗಳು ಒಂದೇ ದಂಡೆಯಲ್ಲಿ ಹೆತ್ತು, ಹೇತು, ಕಚ್ಚಾಡಿ, ಹಾಲೂಡಿಸಿ ಬದುಕುವ ಜಾಗ. ಅಲ್ಲಿ ಪರಿಮಳ ಬರುವುದಾದರೂ ಹೇಗೆ?

"ವಾಸ್ನಿ ತಡಿಯಾಕ ಆಗ್ತೈತೇನ್ರಿ ಅಕ್ಕಾರ?" ಎಂದು ಮೊದಲ ದಿನವೇ ಮಹಾದೇವಿ ಕೇಳಿದ್ದಳು.

"ಇದೆಂತ ವಾಸ್ನೆ ಡಾಕ್ಟ್ರಮ್ಮ? ಮಳೆಗಾಲದಲ್ಲಿ ನಮ್ಮನಿ ಒಣಮೀನಿನ ಕೋಣಿಗೆ ಬನ್ನಿ, ಆಮೇಲೆ ಮಾತಾಡುವ."

ಈ ಮಹಾದೇವಿ ಹೂಗಾರ ಗದಗಿನ ಕಡೆಯವಳು. ಇಪ್ಪತ್ತೆರಡು ವರ್ಷವಾಗುವವರೆಗೆ ಕಡಲನ್ನೇ ಕಂಡಿರಲಿಲ್ಲ. ಈಗ ನಮೀಬಿಯಾದ ಮರಳುಗಾಡು ಬಂದು ನೀರಿಗೆ ಬೀಳುವ ಈ ದಂಡೆಯಲ್ಲಿ, ಒಂದು ತಗಡಿನ ಕಂಟೇನರಿನೊಳಗೆ ಕೂತು, ಕಡಲಿನ ಸದ್ದು ಓದುವುದೇ ಅವಳ ಕೆಲಸ. ಸೀಲ್ ನಿದ್ದೆಯಲ್ಲಿರುವಾಗ ಉದ್ದ ಕೋಲಿನ ತುದಿಯಿಂದ ಅದರ ನೆತ್ತಿಯ ರೋಮಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸುತ್ತಾರೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು 'ಕಿವಿ'. ಸೀಲ್ ಹೋದಲ್ಲೆಲ್ಲ ಕಿವಿಯೂ ಹೋಗುತ್ತದೆ. ತಿಮಿಂಗಿಲದ ಹಾಡು, ಕಳ್ಳದೋಣಿಯ ಎಂಜಿನ್, ಅಲೆ ಒಡೆಯುವುದು, ಎಲ್ಲವನ್ನೂ ದಿನ ದಿನವಾಗಿ ತುಂಬಿಕೊಳ್ಳುತ್ತದೆ. ತಾನು ಎಲ್ಲಿದ್ದೇನೆ ಎಂಬುದನ್ನು ಉಪಗ್ರಹಕ್ಕೆ ಹೇಳುವುದಷ್ಟೇ ಅದರ ಶಕ್ತಿ. ಕೇಳಿದ್ದನ್ನು ಒಪ್ಪಿಸಬೇಕಾದರೆ ಸೀಲ್ ದಂಡೆ ಹತ್ತಿ, ಅಲ್ಲಿ ನೆಟ್ಟ ಕಂಬದಿಂದ ಐವತ್ತು ಹೆಜ್ಜೆಯೊಳಗೆ ಮಲಗಬೇಕು. ಆಗ ಹಳೆಯದರಿಂದ ಶುರುಮಾಡಿ, ಸೋರುವ ನಲ್ಲಿಯ ಹಾಗೆ, ಹನಿಹನಿಯಾಗಿ ದಿನಗಳು ಕಂಬಕ್ಕೆ ಇಳಿಯುತ್ತವೆ. ಸೀಲ್ ಎದ್ದು ಹೋಯಿತೋ, ಹನಿಯೂ ನಿಂತಿತು. ಹಿಡಿದು ಕಿತ್ತುಕೊಳ್ಳೋಣವೆಂದರೆ, ಮರಿ ಹಾಕುವ ಕಾಲದಲ್ಲಿ ದಂಡೆಗೆ ಇಳಿಯುವುದೇ ನಿಷಿದ್ಧ. ಹಿಂಡು ಒಮ್ಮೆ ಬೆದರಿತೆಂದರೆ ತನ್ನ ಮರಿಗಳನ್ನೇ ತುಳಿದುಕೊಂಡು ನೀರಿಗೆ ಓಡುತ್ತದೆ. ಕಾಯುತ್ತ ಕೂರೋಣವೆಂದರೆ, ಫೆಬ್ರವರಿಯಲ್ಲಿ ರೋಮ ಉದುರುವಾಗ ಕಿವಿಯೂ ಉದುರಿ ಕಡಲ ತಳ ಸೇರುತ್ತದೆ.

ಅರವತ್ತೊಂದನೇ ನಂಬರಿನ ಹೆಣ್ಣು ಸೀಲ್ ತಲೆಯ ಮೇಲೆ ಜೂನ್ ಹದಿನಾಲ್ಕು ಇತ್ತು.

ಅವತ್ತು ಮಧ್ಯಾಹ್ನ ಈ ದಂಡೆಯಿಂದ ನೂರೈವತ್ತು ಮೈಲಿ ಆಚೆ ಒಂದು ಮೀನುಹಡಗು ಮುಳುಗಿತ್ತು. ಅದರಲ್ಲಿ ಕೆಲಸಕ್ಕಿದ್ದವರಲ್ಲಿ ಆರು ಮಂದಿ ಕುಂದಾಪುರದ ಆಚೆಯ ಕೊಡೇರಿಯವರು. ಯಾರ ಹೆಣವೂ ಸಿಗಲಿಲ್ಲ. ಹಡಗಿನ ಕಂಪನಿಯವರು ಕಳಿಸಿದ ಕಾಗದದಲ್ಲಿ ಐದು ಹೆಸರಿನ ಮುಂದೆ 'ಮೃತ' ಎಂದಿತ್ತು. ಆರನೆಯದರ ಮುಂದೆ ಹೀಗಿತ್ತು: 'ದಿವಾಕರ ಮೊಗವೀರ, ಎರಡು ದಿನ ಮೊದಲೇ ಬಂದರಿನಲ್ಲಿ ಇಳಿದು ಪರಾರಿ.'

ದಿವಾಕರ ಸುಗಂಧಿಯ ಗಂಡ. ಐದು ಮನೆಗಳಲ್ಲಿ ಅಳು ಆಯಿತು, ಉತ್ತರಕ್ರಿಯೆಯ ಬೊಜ್ಜ ಆಯಿತು. ಆರನೇ ಮನೆಯಲ್ಲಿ ಏನೂ ಆಗಲಿಲ್ಲ. ಅಳುವಂತಿಲ್ಲ, ಬಿಡುವಂತಿಲ್ಲ. ಮೀನುಪೇಟೆಯಲ್ಲಿ ಹೆಂಗಸರು ಅವಳ ಬುಟ್ಟಿಯ ಮುಂದೆ ಬಂದು ಧ್ವನಿ ತಗ್ಗಿಸುವುದೊಂದು ಆಯಿತು. ಒಬ್ಬಳಂತೂ ಬಂಗುಡೆಯ ಕಿವಿರು ಬಿಡಿಸಿ ನೋಡುತ್ತಲೇ, "ಅಲ್ಲ ಹೆಣೆ, ಆ ಬದಿ ಹೆಂಗಸ್ರು ಭಾರಿ ಚಂದ ಅಂಬ್ರಲೆ" ಎಂದಿದ್ದಳು.

ನವೆಂಬರ್ ಕೊನೆಯ ಹೊತ್ತಿಗೆ ಮಹಾದೇವಿಯ ಕಾಗದ ಬಂತು: ಹಡಗು ಮುಳುಗಿದ ಗಳಿಗೆಯಲ್ಲಿ ನಮ್ಮದೊಂದು ಸೀಲ್ ಅದರ ಕೂಗಳತೆಯಲ್ಲಿತ್ತು. ಅದು ಎಳೆಯ ಹೆಣ್ಣು, ಇಷ್ಟು ದಿನ ದಂಡೆಯ ಹಂಗಿಲ್ಲದೆ ಅಲೆಯುತ್ತಿತ್ತು. ಈಗ ಚೊಚ್ಚಲ ಹೆರಿಗೆಗೆ ಕಂಬದ ಬಳಿಯೇ ದಂಡೆ ಹತ್ತಿದೆ. ಯಾರಾದರೂ ಬಂದರೆ ದನಿ ಗುರುತಿಸಲು ಅನುಕೂಲ. ಕಾಗದ ಆರೂ ಮನೆಗೆ ಹೋಗಿತ್ತು. ಐದು ಮನೆಯವರು ಸತ್ತವರ ಕೂಗು ಕೇಳುವುದೆಂತಕ್ಕೆ ಎಂದರು. ಸುಗಂಧಿ ಬಂದಳು.

ಸೀಲಿಗೆ ಅವಳು ಮೊದಲ ದಿನವೇ 'ಬಾಣಂತಿ' ಎಂದು ಹೆಸರಿಟ್ಟಳು. ಬೆಳಗಿನ ಮಂಜು ಸರಿದ ಕೂಡಲೇ ಸೇತುವೆಗೆ ಹೋಗಿ ನಿಲ್ಲುವಳು. ಕಂದುಬಣ್ಣದ ತೆಳ್ಳಗಿನ ತಾಯಿ, ಕಾಡಿಗೆ ಬಳಿದಂಥ ಕಪ್ಪು ಮರಿ. ಮರಿಯ ಬೆನ್ನಿಗೆ ಗುರುತಿಗೆಂದು ಸೇತುವೆಯ ಮೇಲಿಂದಲೇ ಉದ್ದ ಕೋಲಿನಿಂದ ಹಳದಿ ಬಣ್ಣದ ಚುಕ್ಕೆ ಹಾಕಿದ್ದರು. ಬಾಣಂತಿಗೆ ಹಾಲು ಕೊಡಲು ಸರಿಯಾಗಿ ಬರುತ್ತಿರಲಿಲ್ಲ. ಮರಿ ಒಂದು ಬದಿಗೆ ಬಾಯಿ ಹಾಕಿದರೆ ಇವಳು ಇನ್ನೊಂದು ಬದಿಗೆ ಹೊರಳುವಳು.

"ಹಾಂಗಲ್ಲ ಮಾರಾಯ್ತಿ, ಮಗ್ಗುಲಾಗ್. ಹ್ಞಾ... ಈಗ ಸಮ ಆಯ್ತ್ ಕಾಣ್" ಎಂದು ಸುಗಂಧಿ ಸೇತುವೆಯ ಮೇಲಿಂದಲೇ ಹೇಳಿಕೊಡುವಳು. ಪಕ್ಕದಲ್ಲಿ ನಿಂತ ಕಾವಲುಗಾರ ಪೆಟ್ರುಸ್‌ಗೆ ಮಾತು ಅರ್ಥವಾಗದಿದ್ದರೂ ನಗು ಬರುತ್ತಿತ್ತು.

ಕಂಟೇನರಿನೊಳಗೆ ಪರದೆಯ ಮೇಲೆ ಹಸಿರು ಗೆರೆಯೊಂದು ತೆವಳುತ್ತಿತ್ತು. ಮೇ ಮುಗಿದು ಜೂನ್ ಬಂತು. ಜೂನ್ ಮೂರು. ಜೂನ್ ಆರು. ಬಾಣಂತಿ ಮೀನು ತಿನ್ನಲು ಕಡಲಿಗೆ ಹೋದರೆ ಗೆರೆ ನಿಲ್ಲುವುದು. ಎರಡು ಮೂರು ದಿನದ ಮೇಲೆ ಬಂದು ಮರಿಯನ್ನು ಕೂಗಿ ಕರೆದು ಮಲಗಿದರೆ ಮತ್ತೆ ತೆವಳುವುದು.

"ಸಾವ್ರಾರು ಮರಿ ಒದರ್ತಿರ್ತಾವ್ರಿ ಅಕ್ಕಾರ. ಆದ್ರ ತಾಯಿಗೆ ತನ್ನ ಮರಿ ದನಿ ಒಂದ ಗೊತ್ತು. ಮರಿಗೂ ಹಂಗ" ಎಂದು ಮಹಾದೇವಿ ವಿವರಿಸಿದ್ದಳು.

ದಿನಾ ಮಧ್ಯಾಹ್ನ ಊರಿನಿಂದ ಅತ್ತೆಯ ಫೋನು. ಬಚ್ಚಮ್ಮ ಫೋನನ್ನು ಉಪ್ಪು ತುಂಬುವ ಮರದ ಮರಿಗೆಗೆ ಒರಗಿಸಿ, ಮುಖ ಅರ್ಧ ಮಾತ್ರ ಕಾಣುವಂತೆ ಕೂತು ಮಾತಾಡುವಳು.

"ಉಂಡ್ಯಾ?"

"ಉಂಡೆ ಅತ್ತೆ."

"ಎಂತಾರೂ ಸಿಕ್ತಾ?"

"ಇನ್ನೂ ಇಲ್ಲ. ಜೂನ್ ಒಂಬತ್ತರ ವರೆಗೆ ಬಂತ್."

"ಸಿಕ್ಕುದಿಲ್ಲ ಕಾಣ್. ಅವ ಆ ಹಡಗಂಗೆ ಇದ್ರಲ್ದಾ ಸಿಕ್ಕುದ್? ಎಲ್ಲೋ ಇದ್ದ ಅವ. ಯಾರನ್ನೋ ಕಟ್ಕಂಡ್ ಇದ್ರೂ ಅಡ್ಡಿಲ್ಲ, ಉಂಡ್ಕಂಡ್ ಆರಾಮಲ್ಲಿರ್ಲಿ. ನೀ ಸಿಟ್ಟ್ ಮಾಡ್ಕಂಬೇಡ ಹೆಣೆ. ನಾ ಹೆತ್ತವ್ಳ್, ನಂಗೆ ಅಷ್ಟೇ ಸಾಕ್."

ಸುಗಂಧಿ ಸಿಟ್ಟು ಮಾಡಿಕೊಳ್ಳಲಿಲ್ಲ. ಅವಳನ್ನು ತಿನ್ನುತ್ತಿದ್ದುದು ಬೇರೆಯೇ. ಅತ್ತೆಗೆ ಮಗ ಓಡಿಹೋದವನಾಗಬೇಕಿತ್ತು, ಯಾಕೆಂದರೆ ಓಡಿಹೋದವನು ಬದುಕಿರುತ್ತಾನೆ. ಇವಳಿಗೋ? ಹನ್ನೊಂದು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಗಂಡ ತನ್ನನ್ನು ಬಿಟ್ಟು ಹೋಗಲಿಲ್ಲ ಎಂದು ತಿಳಿಯಬೇಕಿತ್ತು. ಹಾಗೆ ತಿಳಿಯಬೇಕಾದರೆ ಆ ಮುಳುಗುವ ಹಡಗಿನಿಂದ ಅವನ ದನಿ ಕೇಳಬೇಕು. ತಾನು ಇಷ್ಟು ದೂರ ಬಂದು ಹಾರೈಸುತ್ತಿರುವುದು ಗಂಡ ಸತ್ತಿರಲಿ ಎಂದೇ ಅಲ್ಲವೇ? ಈ ಮಾತು ಮನಸ್ಸಿಗೆ ಬಂದಾಗಲೆಲ್ಲ ಅವಳು ಎದ್ದು ಸೇತುವೆಗೆ ಹೋಗುತ್ತಿದ್ದಳು. ಕಡಲನಾಯಿಗಳ ಗಲಾಟೆಯಲ್ಲಿ ತನ್ನ ಒಳಗಿನದು ತನಗೇ ಕೇಳಿಸದಿದ್ದರೆ ಸಾಕಿತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಗೆರೆ ಜೂನ್ ಹದಿಮೂರನ್ನು ಮುಟ್ಟಿತು.

"ಇವತ್ತು ಸಂಜಿಗೆ ಬಂದುಬಿಡ್ತೈತ್ರಿ. ಆಕಿ ಈಗ ಮಲಗ್ಯಾಳ, ಏಳಂಗಿಲ್ಲ. ನೀವು ಒಂದೀಟು ಹೊರಗ ಅಡ್ಡಾಡಿ ಬರ್ರಿ, ಇಲ್ಲೇ ಕುಂತ್ರ ಹುಚ್ಚ ಹಿಡಿತೈತಿ" ಎಂದಳು ಮಹಾದೇವಿ.

ಸುಗಂಧಿ ಹೊರಗೆ ಬಂದಳು. ಪ್ರವಾಸಿಗಳ ಬಸ್ಸು ಇನ್ನೂ ಬಂದಿರಲಿಲ್ಲ. ಬಾಣಂತಿ ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಗಿದ್ದಳು. ಮರಿ ನಾಲ್ಕು ಹೆಜ್ಜೆ ಆಚೆ, ಬೇರೆ ಮರಿಗಳ ಗುಂಪಿನಲ್ಲಿ ಕಡಲಪಾಚಿಯ ತುಂಡನ್ನು ಎಳೆದಾಡುತ್ತಿತ್ತು. ಆಗ ಮರಳ ದಿಬ್ಬದ ಮೇಲಿಂದ ನರಿಯೊಂದು ಇಳಿಯಿತು. ಅವಸರವಿಲ್ಲ ಅದಕ್ಕೆ, ಅಂಗಡಿಗೆ ಬಂದ ಗಿರಾಕಿಯ ಹಾಗೆ ಅತ್ತ ಇತ್ತ ನೋಡಿಕೊಂಡು, ಗುಂಪಿನ ತುದಿಯಲ್ಲಿದ್ದ ಪುಟ್ಟ ಮರಿಯೊಂದರ ಕುತ್ತಿಗೆಗೆ ಬಾಯಿ ಹಾಕಿತು.

ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಸುಗಂಧಿ ಕೊಡೇರಿ ದಂಡೆಯ ಹೊಯ್ಗೆಯಲ್ಲಿ ಒಣಗಲು ಹರವಿದ ಮೀನು ಕಾಯ್ದವಳು. ನಾಯಿ ಬರಲಿ, ಕಾಗೆ ಬರಲಿ, ಗಿಡುಗ ಇಳಿಯಲಿ, ಮನಸ್ಸಿಗೆ ಗೊತ್ತಾಗುವ ಮೊದಲೇ ಕೈಯೂ ಗಂಟಲೂ ತಮ್ಮ ಕೆಲಸ ಮಾಡಿ ಮುಗಿಸುತ್ತವೆ. ಅವಳ ತಲೆಯ ಟುವಾಲು ಗಾಳಿಯಲ್ಲಿ ಬೀಸಿತು. ಕೈ ಸೇತುವೆಯ ಕಟಾಂಜನಕ್ಕೆ ರಪರಪ ಬಡಿಯಿತು. ಕಡಲ ಮೊರೆತ ಮೀರಿ ಆಚೆ ದಡಕ್ಕೆ ಮುಟ್ಟುವ ಮೀನುಗಾರ ಹೆಂಗಸಿನ ಗಂಟಲು ಒಡೆಯಿತು:

"ಹೋಯ್! ಹಚಾ! ಹಚಾ ಹಚಾ ಹಚಾ!"

ನರಿ ಮರಿಯನ್ನು ಬಿಟ್ಟು ಓಡಿತು.

ಆಮೇಲೆ ನೆಲ ಎದ್ದಿತು. ಅವಳಿಗೆ ಕಂಡದ್ದು ಹಾಗೆಯೇ. ಇಡೀ ಕಂದು ದಂಡೆ ಒಂದೇ ಸಲ ಎದ್ದು, ಗುಡುಗಿನಂತೆ ನೀರಿಗೆ ಹರಿಯಿತು. ಒಂದರ ಮೇಲೆ ಒಂದು, ಕಲ್ಲಿನಂಥ ಮೈಗಳು. ಒಳಗಿನಿಂದ ಓಡಿಬಂದ ಮಹಾದೇವಿ "ಬ್ಯಾಡ್ರಿ! ಕೂಗಬ್ಯಾಡ್ರಿ!" ಎನ್ನುತ್ತಿದ್ದುದು ಮುಗಿದ ಮೇಲೆ ಬಂದ ಮಾತಾಯಿತು. ಎರಡೇ ನಿಮಿಷ. ದಂಡೆ ಬರಿದಾಯಿತು. ಉಳಿದದ್ದು ಕಪ್ಪು ಚುಕ್ಕೆಗಳು. ಕೆಲವು ಅರಚುತ್ತಿದ್ದವು, ಕೆಲವು ಅರಚುತ್ತಿರಲಿಲ್ಲ.

ಸಂಜೆ, ಹಿಂಡು ಮರಳುವ ಮೊದಲೇ, ಪೆಟ್ರುಸ್ ಉದ್ದ ಹಿಡಿಯ ಸಲಿಕೆ ಹಿಡಿದು, ಸತ್ತ ಮರಿಗಳನ್ನು ಪರೀಕ್ಷೆಗೆಂದು ಹೆಕ್ಕಿ ತಂದ. ಇಪ್ಪತ್ತಮೂರು. ಅವುಗಳಲ್ಲೊಂದರ ಬೆನ್ನ ಮೇಲೆ ಹಳದಿ ಚುಕ್ಕೆ.

ಪರದೆಯ ಮೇಲೆ ಗೆರೆ ಜೂನ್ ಹದಿಮೂರರ ರಾತ್ರಿಯಲ್ಲಿ ನಿಂತಿತ್ತು.

"ಬೈದ್ಬಿಡಿ ಡಾಕ್ಟ್ರಮ್ಮ" ಎಂದಳು ಸುಗಂಧಿ.

ಮಹಾದೇವಿ ಬೈಯಲಿಲ್ಲ. ಮರಿಯಿಲ್ಲದ ತಾಯಿಗೆ ಈ ದಂಡೆಯಲ್ಲಿ ಏನೂ ಕೆಲಸವಿಲ್ಲ. ಇಬ್ಬರಿಗೂ ಗೊತ್ತಿತ್ತು. ಮರುದಿನ ಮಧ್ಯಾಹ್ನ ಬಚ್ಚಮ್ಮ "ಎಂತಾರೂ ಸಿಕ್ತಾ?" ಎಂದಾಗ ಸುಗಂಧಿ, "ಯಂತ್ರ ಸ್ವಲ್ಪ ಹಾಳಾಯ್ತ್ ಅತ್ತೆ" ಎಂದಳು. ಅತ್ತೆಯ ಅರ್ಧ ಮುಖದಲ್ಲಿ ಸಮಾಧಾನ ಕಂಡಿತು.

ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಬಾಣಂತಿ ಬಂದಳು.

ನೀರಿನಿಂದ ಎದ್ದವಳೇ ನೇರವಾಗಿ ತನ್ನ ಹಳೇ ಜಾಗಕ್ಕೆ, ಕಂಬದಿಂದ ಮೂವತ್ತು ಹೆಜ್ಜೆಗೆ ಹೋಗಿ, ಕತ್ತೆತ್ತಿ ಕೂಗಿದಳು. ಕುರಿ ಅರಚಿದಂತೆ, ಕೊನೆಗೆ ಸ್ವಲ್ಪ ಒಡೆದ ದನಿ. ಕೂಗಿ, ನಿಲ್ಲಿಸಿ, ಕೇಳಿಸಿಕೊಂಡಳು. ಸುತ್ತ ಮರಳಿ ಬಂದಿದ್ದ ಹಿಂಡಿನ ಸಾವಿರ ಮರಿಗಳು ಅರಚುತ್ತಿದ್ದವು. ಅವಳು ಮತ್ತೆ ಕೂಗಿದಳು.

ಅವಳಿಗೆ ಗೊತ್ತಿರಲಿಲ್ಲ. ಮರಿ ಸತ್ತಾಗ ಅವಳು ಓಟದಲ್ಲಿ ಮುಂದಿದ್ದಳು.

ಕಂಟೇನರಿನಲ್ಲಿ ಹಸಿರು ಗೆರೆ ಅಲುಗಿತು.

ಮಹಾದೇವಿ ಕುರ್ಚಿ ತಿರುಗಿಸಿದಳು. ಮಾತು ಆರಿಸಿ ಆರಿಸಿ ಆಡಿದಳು. "ಅಕ್ಕಾರ, ಒಂದು ಮಾತು. ಮರಿ ಹೆಣ ನಮ್ಮ ಐಸ್ ಪೆಟ್ಟಿಗ್ಯಾಗ ಐತಿ. ಅದನ್ನ ಆಕಿ ಮುಂದ ಇಟ್ರ ಮೂಸಿ ನೋಡಿ ತಿಳ್ಕೊಂತಾಳ. ಅರ್ಧ ತಾಸು, ಒಂದು ತಾಸು ಇದ್ದು ಎದ್ದು ಹೊಕ್ಕಾಳ. ಇಡದಿದ್ರ..."

"ಇಡದಿದ್ರೆ?"

"ಕೂಗ್ತಾಳ. ಮೊಲಿ ಬಿಗಿದಿರ್ತೈತಿ, ಹೊಟ್ಟಿ ತುಂಬಿಸ್ಕೊಂಡು ಬಂದಾಳ. ಜಾಗ ಬಿಟ್ಟು ಸರಿಯಂಗಿಲ್ಲ. ನಮಗ ಬೇಕಾಗಿದ್ದು ಇನ್ನ ಹತ್ತು ತಾಸು." ಕುರ್ಚಿಯನ್ನು ಮತ್ತೆ ಪರದೆಗೆ ತಿರುಗಿಸಿ, "ನಾ ಏನೂ ಹೇಳಂಗಿಲ್ರಿ. ನೀವ ಹೇಳ್ರಿ" ಎಂದಳು.

ತಗಡಿನ ಗೋಡೆಯಾಚೆ ಕೂಗು ಕೇಳಿತು. ಮತ್ತೆ ಆ ನಿಶ್ಶಬ್ದ, ಉತ್ತರಕ್ಕೆ ಬಿಟ್ಟ ಜಾಗ. ಆ ಜಾಗ ಎಷ್ಟು ಉದ್ದ ಎಂದು ಸುಗಂಧಿಗೆ ಯಾರೂ ಅಳೆದು ತೋರಿಸಬೇಕಾಗಿರಲಿಲ್ಲ. ಆರು ತಿಂಗಳು ಅವಳು ಅದರೊಳಗೇ ಉಂಡು ಮಲಗಿದ್ದಳು.

"ಇರ್ಲಿ" ಎಂದಳು. ಆಮೇಲೆ, "ಕೂಗ್ಲಿ."

ಬಾಣಂತಿ ಕೂಗಿದಳು. ಹತ್ತು ಗಂಟೆಗೆ ಬಸ್ಸು ಬಂತು, ಪ್ರವಾಸಿಗಳು ಅವಳ ಫೋಟೋ ತೆಗೆದರು. ಒಬ್ಬಾತ ಅವಳ ಹಾಗೆಯೇ ಕೂಗಿ ತೋರಿಸಿ ಹೆಂಡತಿಯನ್ನು ನಗಿಸಿದ. ಹಸಿದ ಯಾರದೋ ಮರಿಯೊಂದು ಹತ್ತಿರ ಬಂದರೆ ಮೂಸಿ, ಹಲ್ಲು ಕಿರಿದು ಅಟ್ಟಿದಳು. ಹಾಲು ತಾನಾಗಿ ಜಿನುಗಿ ಹೊಟ್ಟೆಯ ರೋಮ ಒದ್ದೆಯಾಯಿತು. ಸುಗಂಧಿ ಅವತ್ತು ಸೇತುವೆಗೆ ಹೋಗಲಿಲ್ಲ. ಕಿಟಕಿಗೆ ಬೆನ್ನು ಹಾಕಿ, ಗೆರೆ ನೋಡುತ್ತ ಕೂತಳು. ಮಧ್ಯಾಹ್ನ ಬಂದ ಫೋನನ್ನೂ ಎತ್ತಲಿಲ್ಲ.

ನಾಲ್ಕು ಗಂಟೆಗೆ ಮಹಾದೇವಿ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟಳು. "ಬಂತ್ರಿ. ನಾ ಕೇಳಿಲ್ಲ. ಮೊದ್ಲ ನೀವ ಕೇಳ್ರಿ."

ಮೊದಲು ನೀರು. ಎಂಜಿನ್ ಒಂದು ಕೆಮ್ಮಿ ನಿಂತಿತು. ಲೋಹ ಸೀಳುವ ಸದ್ದು, ಅದು ಬಹಳ ಹೊತ್ತು. ಅರ್ಥವಾಗದ ಭಾಷೆಗಳಲ್ಲಿ ಕಿರಿಚಾಟ. ಅದೆಲ್ಲ ತೆಳುವಾದ ಮೇಲೆ, ಅಲೆಯ ಮೇಲೇರಿ ಬಂದ ಹಾಗೆ, ಒಂದು ಕೂಗು:

"ಹೋ...ಯ್!"

ಸುಗಂಧಿಯ ಎರಡೂ ಕೈ ಹೆಡ್‌ಫೋನನ್ನು ಒತ್ತಿಹಿಡಿದವು.

ಕೊಡೇರಿಯಲ್ಲಿ ದೋಣಿ ಮಗುಚಿದರೆ ಹಿರಿಯನಾದವನು ಹೀಗೆ ಕೂಗಬೇಕು. ಹೆಸರು ಹಿಡಿದು ಕರೆಯುವಂತಿಲ್ಲ. ನೀರಿಗೆ ಹೆಸರು ಕೇಳಿಸಬಾರದು ಎನ್ನುತ್ತಾರೆ. ಒಂದು ಹೋಯ್, ಅದಕ್ಕೆ ತೇಲುತ್ತಿರುವವರೆಲ್ಲ ಒಬ್ಬೊಬ್ಬರಾಗಿ 'ಓ' ಅನ್ನಬೇಕು. ಹಾಗೆ ಎಣಿಸಿಕೊಳ್ಳುತ್ತಾರೆ. ಆ ಆರು ಜನರಲ್ಲಿ ಹಿರಿಯ ದಿವಾಕರ. ದನಿಯೂ ಅವನದೇ. ಹನ್ನೊಂದು ವರ್ಷ ಸಂಜೆ ದಂಡೆಗೆ ಬಂದು "ಬುಟ್ಟಿ ತಾ" ಎಂದು ಕೂಗಿದ ದನಿ.

"ಓ." "ಓ." "ಓ." "ಓ."

ನಾಲ್ಕು. ಐದು ಬರಬೇಕಿತ್ತು.

"ಗಟ್ಟಿ ಹಿಡ್ಕಣಿ ಮಕ್ಳೆ! ಹಲಗಿ ಬಿಡ್ಬೇಡಿ!" ಮತ್ತೆ ನೀರು. "ಹೋ...ಯ್!"

ಮೂರು ಓ. ಬಹಳ ಹೊತ್ತಿನ ಮೇಲೆ ಎರಡು. ಆಮೇಲೆ ಒಂದು, ಅದು ಎಳೆಯ ದನಿ, ಅಳು ಬೆರೆತದ್ದು. ಆಮೇಲೆ ಅವನು ಕೂಗಿದಾಗ ಬರೀ ನೀರು.

"ಹೋ...ಯ್!"

ನೀರು.

"ಹೋ...ಯ್!"

ಆಗ ಕಿವಿ ಹರಿಯುವಂತೆ, ಇಷ್ಟು ಹತ್ತಿರದಿಂದ, ಒಂದು ಕೂಗು ಬಂತು. ಕುರಿ ಅರಚಿದಂತೆ, ಕೊನೆಗೆ ಸ್ವಲ್ಪ ಒಡೆದದ್ದು. ಸುಗಂಧಿ ಬೆಚ್ಚಿದಳು. ಹೊರಗಿನದೋ ಒಳಗಿನದೋ ಎಂದು ಒಂದು ಗಳಿಗೆ ತಿಳಿಯಲಿಲ್ಲ.

ದೂರದಲ್ಲಿ ಗಂಡನ ದನಿ, ಉಸಿರು ಸಿಗದೆ, ಆದರೂ ಅದರಲ್ಲಿ ನಗುವಿನಂಥದೇನೋ: "ಹ್ಞಾ... ನೀ ಒಬ್ಬ ಇದ್ಯಾ ಮಾರಾಯ?"

ಮತ್ತೆ ಅವನು ಕೂಗಿದ. ಸೀಲ್ ಓಗೊಟ್ಟಿತು. ಅವನು ಕೂಗಿದ, ಅದು ಓಗೊಟ್ಟಿತು. ಪರದೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಹೀಗೇ. ಅವನ ಕೂಗು ಮೊದಲು ಚಿಕ್ಕದಾಯಿತು, ಆಮೇಲೆ ಬರೀ ಉಸಿರಾಯಿತು, ಆಮೇಲೆ ಅದೂ ಇಲ್ಲ. ಸೀಲ್ ಕೂಗಿತು. ನಿಲ್ಲಿಸಿ ಕೇಳಿಸಿಕೊಂಡಿತು. ಮತ್ತೆ ಕೂಗಿತು. ಹನ್ನೊಂದು ಸಲ. ಆಮೇಲೆ ನೀರಿಗೆ ಮುಳುಗಿದ ಸದ್ದು, ಆಳದ ಮೌನ.

ಸುಗಂಧಿಗೆ ಮೊದಲು ಬಂದದ್ದು ದುಃಖವಲ್ಲ. ಅವರು ನನ್ನನ್ನು ಬಿಟ್ಟು ಹೋಗಲಿಲ್ಲ, ಎಂದಿತು ಮನಸ್ಸು. ಹಗುರಾಯಿತು. ಆ ಹಗುರ ಎಂಥದ್ದೆಂದು ಗೊತ್ತಾದ ಕೂಡಲೇ ಅವಳು ಮೇಜಿಗೆ ಹಣೆ ಹಚ್ಚಿ, ಬಾಯಿಗೆ ಸೆರಗು ತುರುಕಿ ಅತ್ತಳು. ಮಹಾದೇವಿ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಹೆಡ್‌ಫೋನ್ ತೆಗೆದರೂ ಕೂಗು ಕೇಳುತ್ತಲೇ ಇತ್ತು. ಗೋಡೆಯಾಚೆ, ಹತ್ತು ಗಂಟೆಗಳಿಂದ.

"ಅವ್ರಿಗೆ ಇವ್ಳ್ ಓ ಹೇಳಿದ್ಲ್ ಡಾಕ್ಟ್ರಮ್ಮ" ಎಂದಳು ಸುಗಂಧಿ, ತಲೆಯೆತ್ತದೆ. "ಕಡಿ ವರೆಗೂ ಹೇಳಿದ್ಲ್. ನಾ ಇವ್ಳನ್ನ ಬೆಳಿಗ್ಗಿಂದ ಕೂಗ್ಸಿದೆ. ಉತ್ರ ಗೊತ್ತಿದ್ದೂ ಕೂಗ್ಸಿದೆ."

"ಅಕ್ಕಾರ..."

"ಮರಿ ಕೊಡ್ಸಿ."

ಐಸ್ ಪೆಟ್ಟಿಗೆಯಿಂದ ತೆಗೆದ ಮರಿ ಕಲ್ಲಿನ ಹಾಗೆ ತಣ್ಣಗಿತ್ತು. ಸುಗಂಧಿ ಅದನ್ನು ಸ್ವಲ್ಪ ಹೊತ್ತು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು, ಅಷ್ಟರಿಂದ ಅದು ಬಿಸಿಯಾದೀತೇನೋ ಎಂಬಂತೆ. ಸೇತುವೆಯ ತುದಿಯಿಂದ ಪೆಟ್ರುಸ್ ಉದ್ದ ಹಿಡಿಯ ಸಲಿಕೆಯಲ್ಲಿ ಅದನ್ನು ಮೆಲ್ಲನೆ ಕೆಳಗಿಳಿಸಿದ. ಬಾಣಂತಿ ಬಂದಳು. ಮೂಸಿದಳು. ಒಮ್ಮೆ ಕೂಗಿದಳು, ಮರಿಯ ಮುಖಕ್ಕೇ ಮುಖ ಹಚ್ಚಿ. ಕೇಳಿಸಿಕೊಂಡಳು. ಮೂತಿಯಿಂದ ದೂಡಿ, ಹಳದಿ ಚುಕ್ಕೆಯನ್ನು ಮೇಲೆ ಕೆಳಗೆ ಮಾಡಿದಳು. ಆಮೇಲೆ ಕೂಗಲಿಲ್ಲ. ಮಗ್ಗುಲಾಗಿ, ಈಗ ಸರಿಯಾಗಿಯೇ, ಅದರ ಬಾಯಿಯ ಬಳಿ ಹೊಟ್ಟೆಯಿಟ್ಟು ಮಲಗಿದಳು.

ಸುಗಂಧಿಯ ಕೈಯಲ್ಲಿ ಫೋನು ಹೊಡೆದುಕೊಂಡಿತು. ಮೂರನೇ ಸಲಕ್ಕೆ ಎತ್ತಿದಳು.

"ಎಂತಕ್ಕೆ ಫೋನ್ ಎತ್ತುದಿಲ್ಲ ನೀ? ಬೆಳಿಗ್ಗಿಂದ ಎದಿ ಒಂದ್ ಥರ ಆತಿತ್ತ್ ನಂಗೆ..." ಬಚ್ಚಮ್ಮ ಸೊಸೆಯ ಮುಖ ನೋಡಿದಳು. ಅವಳಿಂದ ಎಂದೂ ಕೇಳದ ಸಣ್ಣ ದನಿಯಲ್ಲಿ, "ಹಡಗಂಗೆ ಇದ್ನಾ?" ಎಂದಳು.

"ಇದ್ರ್ ಅತ್ತೆ."

ಉಪ್ಪಿನ ಮರಿಗೆಯಿಂದ ಫೋನು ಜಾರಿತೋ ಏನೋ, ಪರದೆಯ ತುಂಬ ಮಾಡಿನ ಹೆಂಚು ಮಾತ್ರ ಕಂಡಿತು. ಸುಗಂಧಿ ಕಾದಳು.

"ಕಡಿಗೆ ಒಬ್ನೇ ಇದ್ನಾ ಮಗಾ?"

"ಇಲ್ಲ ಅತ್ತೆ. ಒಬ್ರೇ ಇರ್ಲಿಲ್ಲ." ಅವಳು ಫೋನಿನ ಕ್ಯಾಮೆರಾವನ್ನು ದಂಡೆಯ ಕಡೆಗೆ ತಿರುಗಿಸಿದಳು. "ಇವ್ಳ್ ಇದ್ಲ್. ಅವ್ರ್ ಕೂಗ್ದಾಗೆ ಇವ್ಳ್ ಓ ಹೇಳ್ತಿದ್ಲ್. ನಾ ಕೇಂಡೆ."

ಕೊಡೇರಿಯಲ್ಲಿ ಯಾರೋ ಫೋನನ್ನು ನೆಲದಿಂದ ಎತ್ತಿಕೊಂಡ ಸದ್ದಾಯಿತು. ಮುದುಕಿಯ ಇಡೀ ಮುಖ, ಮೊದಲ ಸಲ, ಪರದೆಯಲ್ಲಿ ಬಂತು. ಕಣ್ಣು ಕಿರಿದು ಮಾಡಿ ನೋಡಿದಳು.

"ಅದ್ರ ಮರಿ ಎಂತಕ್ಕೆ ಹಾಲು ಕುಡಿತಿಲ್ಲ?"

ಸುಗಂಧಿ ಫೋನನ್ನು ಕಟಾಂಜನದಾಚೆ ಇನ್ನೂ ಕೆಳಗೆ ಚಾಚಿದಳು.

ಬಚ್ಚಮ್ಮ ನೋಡುತ್ತಲೇ ಇದ್ದಳು. ಅವಳಿಗೆ ತಿಳಿಯಿತು. ಮೂಗು ಸೆರಗಿನಿಂದ ಒರೆಸಿಕೊಂಡಳು.

"ನನ್ನತ್ರ ಎಂತ ಮಾತಾಡ್ತೆ ಹೆಣೆ ನೀ ಈಗ. ಫೋನ್ ಇಡ್" ಎಂದಳು. "ಹೋಗಿ ಅದ್ರ ಹತ್ರ ಕೂಕೋ. ಅದ್ಕೂ ಯಾರಾರೂ ಬೇಕ್."

ಫೋನು ತಣ್ಣಗಾಯಿತು. ಸುಗಂಧಿ ಹಲಗೆಯ ತುದಿಯಲ್ಲಿ ಕಾಲು ಮಡಚಿ ಕೂತಳು. ಕೆಳಗೆ ಬಾಣಂತಿ ಒಮ್ಮೆ ಕತ್ತೆತ್ತಿ ಅವಳನ್ನು ನೋಡಿ, ಮತ್ತೆ ಮರಿಯ ಪಕ್ಕಕ್ಕೆ ತಲೆ ಇಟ್ಟಳು.